ಟಕ್ಸಿಡೋ ಬೇಡ, ನಿನ್ನ ಬಂದ್‌ಗಲಾ ಸಾಕು

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ನೋಡಿದೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ, ಕ್ವೀನ್ ಮೇರಿ 2 ಹಡಗಿನಲ್ಲಿ ಏಳು ರಾತ್ರಿ! ಮಗಳು ಟಿಕೆಟ್ ತೆಗೆದುಕೊಟ್ಟಿದ್ದಾಳೆ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ನಿನ್ನ ಮಾತಿನಲ್ಲಿ ಖುಷಿಗಿಂತ ಗಾಬರಿಯೇ ಜಾಸ್ತಿ ಇತ್ತು. ಹಡಗಿನ ಅಧಿಕಾರಿಗಳು ತಮ್ಮ ಟೇಬಲ್‌ಗೆ ಊಟಕ್ಕೆ ಕರೆದರೆ ಏನು ಹಾಕಿಕೊಳ್ಳಲಿ, ಪಾಶ್ಚಾತ್ಯರು ಔತಣಕ್ಕೆ ಹಾಕುವ ಆ ಟಕ್ಸಿಡೋ ಸೂಟು ಬಾಡಿಗೆಗೆ ತರಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಮಗಳ ಮದುವೆಗೆ ಹೊಲಿಸಿದ, ಕುತ್ತಿಗೆ ಮುಚ್ಚುವ ಆ ಕಪ್ಪು ಬಂದ್‌ಗಲಾ ಕೋಟು ಇದೆಯಲ್ಲ, ಅದನ್ನೇ ತಗೊಂಡು ಹೋಗು.

ಇದನ್ನು ನಿನಗೆ ಸುಮ್ನೆ ಧೈರ್ಯ ಹೇಳೋಕೆ ಬರೆಯುತ್ತಿಲ್ಲ. ಬೇರೆ ಕಂಪನಿಯ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದಷ್ಟು ವರ್ಷ ನಾನು ಆ ಟೇಬಲ್ಲಿನ ಆಚೆ ಬದಿಯಲ್ಲಿ ಕೂತವನು. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ನಿಯಮ ನೋಡೋಣ. ನಿನ್ನ ಹಡಗಿನಲ್ಲಿ ಸಂಜೆ ಆರರ ನಂತರ ಉಡುಪಿಗೆ ಕಟ್ಟುಪಾಡು ಶುರುವಾಗುತ್ತದೆ. ಏಳು ರಾತ್ರಿಯ ಪ್ರಯಾಣದಲ್ಲಿ ಸಾಮಾನ್ಯವಾಗಿ ಎರಡು ಗಾಲಾ ರಾತ್ರಿ, ಅಂದರೆ ಎಲ್ಲರೂ ಫಾರ್ಮಲ್ ಆಗಿ ಉಟ್ಟುಕೊಂಡು ಬರುವ ವಿಶೇಷ ರಾತ್ರಿ, ಇರುತ್ತವೆ. ಅವತ್ತು ಗಂಡಸರಿಗೆ ಟಕ್ಸಿಡೋ ಅಥವಾ ಕಡು ಬಣ್ಣದ ಸೂಟು, ಜೊತೆಗೆ ಬೋ ಟೈ ಅಥವಾ ಮಾಮೂಲಿ ಟೈ. ಇದರ ಜೊತೆಗೇ ಇನ್ನೊಂದು ಮಾತಿದೆ, ಅದನ್ನು ನಮ್ಮವರು ಗಮನಿಸುವುದೇ ಇಲ್ಲ: ತಮ್ಮ ತಮ್ಮ ದೇಶದ ಸಾಂಪ್ರದಾಯಿಕ ಉಡುಪನ್ನೂ ಹಾಕಬಹುದು. ಸ್ಕಾಟ್ಲೆಂಡಿನವರು ತಮ್ಮ ಚೌಕಳಿ ಲಂಗ ಕಿಲ್ಟ್ ಉಟ್ಟು ಆರಾಮವಾಗಿ ಬರುತ್ತಾರೆ. ನಮ್ಮ ಬಂದ್‌ಗಲಾ, ಶೇರ್ವಾನಿ, ರೇಷ್ಮೆ ಸೀರೆ ಎಲ್ಲ ಅದೇ ಲೆಕ್ಕದಲ್ಲಿ ಬರುತ್ತವೆ. ಒಂದು ಗಾಲಾ ರಾತ್ರಿಗೆ ಕಪ್ಪು-ಬಿಳುಪು ಅಂತ ಥೀಮ್ ಇಟ್ಟಿದ್ದರೆ ನಿನ್ನ ಕಪ್ಪು ಕೋಟು ಅದಕ್ಕೂ ಸರಿಹೋಗುತ್ತದೆ. ಉಳಿದ ರಾತ್ರಿಗಳಿಗೆ ಕಾಲರ್ ಇರುವ ಅಂಗಿ, ಒಳ್ಳೆಯ ಪ್ಯಾಂಟು, ಮೇಲೊಂದು ಕೋಟು ಇದ್ದರೆ ಚೆನ್ನ.

ಕರೆಯೋಲೆ ಒಂದು ಕಾರ್ಡಿನ ರೂಪದಲ್ಲಿ ನಿನ್ನ ಕ್ಯಾಬಿನ್ನಿಗೇ ಬರುತ್ತದೆ. ಬರುತ್ತೀವೋ ಇಲ್ಲವೋ ಅಂತ ಅವತ್ತೇ ತಿಳಿಸಿಬಿಡು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ನಿಮ್ಮ ಎರಡು ಕುರ್ಚಿ ಊಟ ಮುಗಿಯುವ ತನಕ ಖಾಲಿ ಇರುತ್ತವೆ. ಹಾಗೆ ಖಾಲಿ ಕುರ್ಚಿಯ ಪಕ್ಕ ಕೂತು ಊಟ ಮಾಡಿದ್ದೇನೆ, ಬೇಜಾರಾಗುತ್ತದೆ.

ಈಗ ಆಚೆ ಬದಿಯ ಮಾತು. ನಿನ್ನ ಎದುರು ಬಿಳಿ ಜಾಕೆಟ್ ತೊಟ್ಟು ಕೂರುವವನು ಒಂದು ಗಂಟೆ ಮುಂಚೆ ಎಲ್ಲಿರುತ್ತಾನೆ ಗೊತ್ತಾ? ನಾನಂತೂ ಎಂಜಿನ್ ರೂಮಿನಲ್ಲಿ ಬೆವರಿನಿಂದ ತೊಯ್ದ ಬಾಯ್ಲರ್ ಸೂಟಿನಲ್ಲಿರುತ್ತಿದ್ದೆ. ಕ್ಯಾಬಿನ್ನಿಗೆ ಓಡಿ ಬಂದು ಮೊದಲು ಮಾಡುತ್ತಿದ್ದ ಕೆಲಸ ಉಗುರು ತಿಕ್ಕುವುದು. ಎಣ್ಣೆಯ ಕಪ್ಪು ಉಗುರಿನ ಸಂದಿಯಲ್ಲಿ ಕೂತುಬಿಟ್ಟರೆ ಬ್ರಶ್ ಹಾಕಿ ಉಜ್ಜಿ ಉಜ್ಜಿ ಬೆರಳ ತುದಿ ಕೆಂಪಾದರೂ ಬಿಡುತ್ತಿರಲಿಲ್ಲ. ಆಮೇಲೆ ಗಂಜಿ ಹಾಕಿದ ಅಂಗಿ, ಸೊಂಟಕ್ಕೆ ಅಗಲ ಪಟ್ಟಿ, ಕನ್ನಡಿಯ ಮುಂದೆ ನಿಂತು ಬೋ ಕಟ್ಟುವುದು, ಕೊನೆಗೆ ಆ ಗಿಡ್ಡ ಬಿಳಿ ಜಾಕೆಟ್. ಇಷ್ಟೆಲ್ಲ ಯಾಕೆ? ಮನೆಗೆ ನೆಂಟರು ಬರುತ್ತಾರೆ ಅಂತ. ನಮ್ಮನ್ನು ನೋಡಲು ಬರುವವರಿಗೆ ನಾವು ಕೊಡುವ ಮರ್ಯಾದೆ ಅದು. ಹಾಗಾಗಿ ಅತಿಥಿಗಳೂ ಅಷ್ಟೇ ಮನಸ್ಸಿಟ್ಟು ಉಟ್ಟುಕೊಂಡು ಬಂದರೆ ನಮಗೆ ನಿಜಕ್ಕೂ ಸಂತೋಷವಾಗುತ್ತಿತ್ತು. ಅದು ಟಕ್ಸಿಡೋನೇ ಆಗಬೇಕು ಅಂತ ನಾವು ಯಾರೂ ಅಂದುಕೊಳ್ಳುತ್ತಿರಲಿಲ್ಲ.

ಪಕ್ಕದಲ್ಲಿ ಕೂತ ಅಧಿಕಾರಿ ಯಾರು ಅಂತ ತಿಳಿಯಲು ಅವರ ಹೆಗಲ ಮೇಲಿನ ಪಟ್ಟಿ ನೋಡು. ನಾಲ್ಕು ಚಿನ್ನದ ಪಟ್ಟಿ ಇದ್ದರೆ ಕ್ಯಾಪ್ಟನ್ ಇರಬಹುದು. ಬ್ರಿಟಿಷ್ ಪದ್ಧತಿಯಲ್ಲಿ ಪಟ್ಟಿಗಳ ನಡುವೆ ನೇರಳೆ ಬಣ್ಣ ಕಂಡರೆ ಎಂಜಿನಿಯರ್, ಕೆಂಪು ಕಂಡರೆ ಡಾಕ್ಟರ್, ಬಿಳಿ ಕಂಡರೆ ಊಟ-ವಸತಿ ನೋಡಿಕೊಳ್ಳುವವರು. ನೇರಳೆ ಕಂಡರೆ ಎಂಜಿನ್ ಬಗ್ಗೆ ಒಂದು ಪ್ರಶ್ನೆ ಕೇಳು, ಪಾಪ, ಅವರನ್ನು ಕೇಳುವವರು ಕಡಿಮೆ.

ಒಂದು ಘಟನೆ ಹೇಳಲೇಬೇಕು. ಒಂದು ಸಲ ಹುಬ್ಬಳ್ಳಿ ಕಡೆಯ ದಂಪತಿ ನಮ್ಮ ಟೇಬಲ್‌ಗೆ ಬಂದಿದ್ದರು. ಯಜಮಾನರು ಬಾಡಿಗೆ ಟಕ್ಸಿಡೋ ಹಾಕಿದ್ದರು. ಕಾಲರ್ ಕುತ್ತಿಗೆಯನ್ನು ಕಚ್ಚಿ ಹಿಡಿದಿತ್ತು. ಎರಡು ತುತ್ತಿಗೊಮ್ಮೆ ಬೆರಳು ತೂರಿಸಿ ಸಡಿಲ ಮಾಡಿಕೊಳ್ಳುತ್ತಿದ್ದರು. ತಟ್ಟೆಯಲ್ಲಿದ್ದದ್ದು ಅರ್ಧಕ್ಕರ್ಧ ಹಾಗೇ ಉಳಿಯಿತು. ಅವರ ಹೆಂಡತಿ ಇಳಕಲ್ ಸೀರೆಯಲ್ಲಿ ಬಂದಿದ್ದರು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು, ಗೋಪುರ ಸಾಲಾಗಿ ನಿಂತ ಹಾಗೆ. ನಮ್ಮ ಹಡಗಿನ ಡಾಕ್ಟರ್ ಆ ಸೆರಗನ್ನೇ ನೋಡುತ್ತಾ ಇದನ್ನು ಹೇಗೆ ನೇಯುತ್ತಾರೆ ಅಂತ ಕೇಳಿದರು. ಆ ತಾಯಿ ಸೆರಗನ್ನು ಟೇಬಲ್ ಮೇಲೆ ಹರಡಿ, ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ಕುಣಿಕೆ ಹಾಕಿ ಜೋಡಿಸುವುದನ್ನು ಬೆರಳಿನಲ್ಲೇ ತೋರಿಸಿದರು. ಅದನ್ನು ಕೊಂಡಿ ಅಂತಾರೆ ಅಂದರು. ನಾನು ಇಂಗ್ಲಿಷಿಗೆ ಮಾಡಿ ಹೇಳುತ್ತಾ ಹೋದೆ. ಉಣ್ಣುವುದು ಬಿಟ್ಟು ಎಲ್ಲರೂ ಅತ್ತಲೇ ಬಾಗಿದ್ದರು.

ಊಟ ಮುಗಿದ ಮೇಲೆ ಯಜಮಾನರನ್ನು ಡೆಕ್ ಮೇಲೆ ಕರೆದುಕೊಂಡು ಹೋದೆ. ನಿಮ್ಮದೇ ಕೋಟು ಯಾವುದೂ ಇಲ್ಲವಾ ಸಾರ್ ಅಂದೆ. ಇದೆ, ಇಲ್ಲಿ ನಡೆಯಲ್ಲ ಅಂದುಕೊಂಡೆ ಅಂದರು. ಮುಂದಿನ ಫಾರ್ಮಲ್ ರಾತ್ರಿ ದೂರದಿಂದ ನೋಡಿದೆ. ಗಂಟಲ ತನಕ ಗುಂಡಿ ಹಾಕಿದ ಕಂದು ಬಂದ್‌ಗಲಾ. ಹೆಗಲು ನೆಟ್ಟಗಾಗಿತ್ತು. ಪಕ್ಕದ ಟೇಬಲ್ಲಿನವರಿಗೆ ಕೈ ಆಡಿಸಿ ಏನೋ ವಿವರಿಸುತ್ತಾ ನಗುತ್ತಿದ್ದರು.

ಪಂಚೆ ಉಡುವ ಆಸೆ ನಿನಗಿದೆ ಅಂತ ಗೊತ್ತು. ಜರಿ ಪಂಚೆ, ಶಲ್ಯ ನಮ್ಮ ಸಾಂಪ್ರದಾಯಿಕ ಉಡುಪೇ, ಸಂಶಯವಿಲ್ಲ. ಆದರೆ ಒಂದು ಹಡಗಿನಲ್ಲಿ ರೇಷ್ಮೆ ಪಂಚೆ ಉಟ್ಟು ಬಂದ ಹಿರಿಯರನ್ನು ಬಾಗಿಲಲ್ಲಿದ್ದ ಹೊಸ ಹುಡುಗ ತಡೆದುಬಿಟ್ಟ. ನಾನು ಅಲ್ಲಿಗೆ ಬರುವಷ್ಟರಲ್ಲಿ ಅವರು ಕ್ಯಾಬಿನ್ನಿಗೆ ವಾಪಸ್ ಹೋಗಿದ್ದರು. ಬಾಗಿಲು ತಟ್ಟಿ ಕರೆದರೂ ಬರಲಿಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ನಿನಗೆ ಹಾಗಾಗಬಾರದು. ಪಂಚೆ ಉಡುವುದಾದರೆ ಅವತ್ತು ಬೆಳಿಗ್ಗೆಯೇ ಊಟದ ಹಾಲಿನ ಮುಖ್ಯಸ್ಥರಿಗೆ ಒಂದು ಮಾತು ಹೇಳಿಟ್ಟಿರು.

ಅತ್ತಿಗೆಗೆ ಮೈಸೂರು ಸಿಲ್ಕ್ ಸೀರೆಯೇ ಸರಿ ಅಂತ ನನಗೆ ಅನಿಸುತ್ತದೆ. ಕ್ರೇಪ್ ಬಟ್ಟೆ, ಸೂಟ್‌ಕೇಸಿನಲ್ಲಿ ಮಡಚಿಟ್ಟರೂ ಜಾಸ್ತಿ ಸುಕ್ಕಾಗಲ್ಲ. ದೊಡ್ಡ ಅಂಚಿನ ಕಂಚಿ ಸೀರೆ ಚೆಂದವೇ, ಆದರೆ ಹಡಗಿನಲ್ಲಿ ಅದನ್ನು ನೋಡಿಕೊಳ್ಳುವುದು ಕಷ್ಟ. ಬೆಂಕಿಯ ಭಯಕ್ಕೆ ಪ್ರಯಾಣಿಕರು ಇಸ್ತ್ರಿಪೆಟ್ಟಿಗೆ ತರುವಂತಿಲ್ಲ. ನಿಮ್ಮ ಹಡಗಿನಲ್ಲಿ ಪ್ರಯಾಣಿಕರಿಗೆ ಅಂತಲೇ ಬಟ್ಟೆ ಒಗೆಯುವ ಕೋಣೆಗಳಿವೆ, ಇಸ್ತ್ರಿಯೂ ಅಲ್ಲೇ. ಗಾಲಾ ದಿನ ಮಧ್ಯಾಹ್ನವೇ ಹೋಗಿ ಮುಗಿಸಿಕೊಳ್ಳಿ, ಸಂಜೆಗೆ ನೂಕುನುಗ್ಗಲು. ಸೀರೆ ಎಲ್ಲಿಯದು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಮೈಸೂರಿನಲ್ಲಿ ಮಹಾರಾಜರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ನೇಯ್ಗೆ ಅಂತ ಹೇಳಲಿ. ನೆರಿಗೆಗೆ ಒಳಗಿನಿಂದ ಗಟ್ಟಿ ಪಿನ್ ಹಾಕಬೇಕು, ಹಡಗು ಹೊಯ್ದಾಡುವಾಗ ಮೆಟ್ಟಿಲು ಇಳಿಯುವುದು ಸುಲಭವಲ್ಲ. ಚಪ್ಪಲಿಗೆ ಎತ್ತರದ ಹಿಮ್ಮಡಿ ಬೇಡ. ಒಳಗೆ ಎಸಿ ಜೋರಿರುತ್ತದೆ, ಹೆಗಲಿಗೆ ಶಾಲು ಇರಲಿ.

ನಿನಗೆ ಕಪ್ಪು ಚರ್ಮದ ಶೂ, ಅಡಿ ರಬ್ಬರಿನದಾಗಿರಲಿ. ಕಪ್ಪು ಕಾಲುಚೀಲ. ಜೇಬಿನಲ್ಲಿ ಬಿಳಿ ಕರವಸ್ತ್ರ. ಹಲವು ಹಡಗುಗಳಲ್ಲಿ ಸೋಂಕು ಹರಡಬಾರದು ಅಂತ ಕ್ಯಾಪ್ಟನ್‌ಗಳು ಕೈ ಕುಲುಕುವುದಿಲ್ಲ. ನೀನು ಕೈಮುಗಿ, ಆ ಕೋಟಿಗೆ ಅದೇ ಒಪ್ಪುತ್ತದೆ. ನೀನು ವೈನ್ ಮುಟ್ಟಲ್ಲ ಅಂತ ಸಂಕೋಚವೂ ಬೇಡ. ಅಧಿಕಾರಿಗಳಿಗೇ ಕುಡಿತಕ್ಕೆ ಕಟ್ಟುನಿಟ್ಟಿನ ಮಿತಿ ಇದೆ, ಎಷ್ಟೋ ಜನ ನೀರೇ ಕುಡಿಯುತ್ತಾರೆ.

ಈ ಭಾನುವಾರ ಆ ಕೋಟು ಹೊರಗೆ ತೆಗೆದು ಗಾಳಿಗೆ ಹಾಕು. ಹೊಟ್ಟೆ ತುಂಬ ಊಟ ಮಾಡಿ, ಅದನ್ನು ತೊಟ್ಟು, ಎಲ್ಲ ಗುಂಡಿ ಹಾಕಿ ಕುರ್ಚಿಯಲ್ಲಿ ಕೂತು ನೋಡು. ಕಾಲರಿನೊಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಬಿಗಿ ಅನಿಸಿದರೆ ಟೈಲರ್ ಹತ್ರ ಕೊಡು, ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿರುತ್ತಾರೆ, ಬಿಚ್ಚಿ ಸಡಿಲ ಮಾಡಿಕೊಡುತ್ತಾರೆ. ಆಮೇಲೆ ಇಬ್ಬರೂ ನಿಂತು ಒಂದು ಫೋಟೋ ತೆಗೆದು ಕಳಿಸಿ. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ