ವಾರಕ್ಕೆ ಮೂರು ಪಿರಿಯಡ್, ಎರಡು ವರ್ಷ

ಜರ್ಮನಿಯ ನಮ್ಮ ಸಂಘದಲ್ಲಿ ಊರಿನ ಸಾಲಿಗೆ ಜರ್ಮನ್ ಕ್ಲಾಸ್ ಹಾಕಿಸಬೇಕು ಎನ್ನುವ ಸದಸ್ಯರು ಮೊದಲು ಕೇಳುವುದು ರೊಕ್ಕ ಎಷ್ಟು ಬೇಕು ಅಂತ. ಬೆಳಗಾವಿಯದೇ ಇರಲಿ, ಜಮಖಂಡಿ, ಇಂಡಿ ಊರುಗಳದೇ ಇರಲಿ, ಹೆಡ್‌ಮಾಸ್ತರರನ್ನು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ವಾರಕ್ಕೆ ಎಷ್ಟು ಪಿರಿಯಡ್ ಕೊಡುತ್ತೀರಿ?

ಲೆಕ್ಕ ಹಾಕಿ ನೋಡಿ. ಜರ್ಮನ್ ಭಾಷೆಯ ಮೊದಲ ಮೆಟ್ಟಿಲಾದ ಎ1ಕ್ಕೆ 45 ನಿಮಿಷದ 80ರಿಂದ 200 ಪಾಠ ಬೇಕೆಂದು ಗೋಯಥೆ ಸಂಸ್ಥೆ ಹೇಳುತ್ತದೆ (ಊರ ಕಡೆ ಅದಕ್ಕೆ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರು). ಸಾಲಿಯ ಪಿರಿಯಡ್ 40 ನಿಮಿಷದ್ದು. ಗಣೇಶನ ಹಬ್ಬ, ದಸರಾ ರಜೆ, ರಾಜ್ಯೋತ್ಸವದ ತಾಲೀಮು, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಪರೀಕ್ಷೆಗಳು ಇಷ್ಟನ್ನು ಕಳೆದರೆ ಹೆಚ್ಚುವರಿ ವಿಷಯಕ್ಕೆ ಉಳಿಯುವುದು ಸುಮಾರು 30 ವಾರ. ವಾರಕ್ಕೊಂದು ಪಿರಿಯಡ್ ಆದರೆ ವರ್ಷಕ್ಕೆ 20 ತಾಸು. ಅಷ್ಟರಲ್ಲಿ ಹುಡುಗರು ಹೆಸರು ಹೇಳಲು, ನೂರರವರೆಗೆ ಎಣಿಸಲು ಕಲಿತು ಮುಂದಿನ ಜೂನ್ ಹೊತ್ತಿಗೆ ಮರೆತಿರುತ್ತಾರೆ. ಎರಡು ಪಿರಿಯಡ್ ಆದರೆ 40 ತಾಸು, ಅಂದರೆ 53 ಪಾಠ. ಮೂರಾದರೆ 60 ತಾಸು, ಸರಿಯಾಗಿ 80 ಪಾಠ. ಎಂಟು ಮತ್ತು ಒಂಬತ್ತನೆಯ ಇಯತ್ತೆ ಸೇರಿ 160 ಪಾಠ ಆದರೆ ಎ1 ಪರೀಕ್ಷೆಗೆ ಧೈರ್ಯವಾಗಿ ಕೂಡಿಸಬಹುದು. ಹತ್ತನೆಯದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗಳು ಶುರುವಾದ ಮೇಲೆ ಮೊದಲು ಹೋಗುವುದು ನಿಮ್ಮ ಪಿರಿಯಡ್ಡೇ.

ಆ ಪಿರಿಯಡ್ ವೇಳಾಪಟ್ಟಿಯಲ್ಲಿ ಎಲ್ಲಿ ಕೂರುತ್ತದೆ ಎನ್ನುವುದು ಇನ್ನೂ ತೊಡಕಿನ ಮಾತು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯಕ್ಕೆ 100, ತೃತೀಯಕ್ಕೆ 100 ಎನ್ನುವುದು ಬಹುಕಾಲದಿಂದ ನಡೆದುಬಂದ ಲೆಕ್ಕ. ತೃತೀಯ ಭಾಷೆಯ ಪಟ್ಟಿಯಲ್ಲಿ ಹಿಂದಿ, ಸಂಸ್ಕೃತ, ಕೊಂಕಣಿ, ತುಳು ಇವೆ, ಅರಬ್ಬಿ, ಪಾರ್ಸಿಗಳೂ ಇವೆ. ಫ್ರೆಂಚ್, ಜರ್ಮನ್ ಇಲ್ಲ. ಪಾರ್ಸಿ ಇರುವುದಕ್ಕೆ ವಿಜಯಪುರದವರು ಅಚ್ಚರಿಪಡಲಿಕ್ಕಿಲ್ಲ. ಆದಿಲ್‌ಶಾಹಿ ದರ್ಬಾರಿನ ಆ ಭಾಷೆ ತಹಶೀಲ್ದಾರ್, ಜಮೀನು, ಫಿರ್ಯಾದಿ ಎಂದು ಇವತ್ತಿಗೂ ಕಚೇರಿಯಲ್ಲಿ ಕೂತಿದೆ. ಫ್ರೆಂಚ್ ಸಿಗುವುದು ಪಿಯುಸಿಗೆ ಹೋದ ಮೇಲೆ, ಅದೂ ಕಲಿಸುವವರಿರುವ ಕಾಲೇಜಿನಲ್ಲಿ.

ಸಿಬಿಎಸ್‌ಇ ಸಾಲಿಗಳಿಗೆ ಫ್ರೆಂಚ್, ಜರ್ಮನ್ ವಿಷಯಗಳುಂಟು. ಆದರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಯಾವ ಬೋರ್ಡಿನ ಸಾಲಿಯೇ ಆದರೂ ಕನ್ನಡವನ್ನು ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಲ್ಲಿ ಎರಡಾದರೂ ಭಾರತದ ಭಾಷೆ ಇರಲಿ ಎನ್ನುತ್ತದೆ. ಕನ್ನಡ, ಇಂಗ್ಲಿಷ್ ಆದ ಮೇಲೆ ಮೂರನೆಯ ಮಣೆ ಮರಾಠಿಗೋ ಹಿಂದಿಗೋ ಸಂಸ್ಕೃತಕ್ಕೋ ಹೋಗುತ್ತದೆ. ಕರ್ನಾಟಕದ್ದೇ ಆದ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ನೇತೃತ್ವದ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಅದನ್ನು ನಂಬಿ ಈಗಲೇ ಪಿರಿಯಡ್ ಲೆಕ್ಕ ಹಾಕುವುದು ಬೇಡ. ಪರದೇಶದ ಭಾಷೆಯನ್ನು ನಾಲ್ಕನೆಯದಾಗಿ, ಅಂಕಪಟ್ಟಿಯ ಹೊರಗೆ ಇಡುವುದೇ ಕ್ಷೇಮ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದಿಂದ ತೃತೀಯ ಭಾಷೆಯಾಗಿ ಬಂದಿದ್ದ ಜರ್ಮನ್ 2014ರ ನವೆಂಬರ್‌ನಲ್ಲಿ, ಸಾಲಿ ನಡುವರ್ಷದಲ್ಲಿರುವಾಗಲೇ ಹೋಗಿ ಅಲ್ಲಿ ಸಂಸ್ಕೃತ ಬಂದದ್ದು ನೆನಪಿರಲಿ. ಆ ಹುಡುಗರು ಪುಸ್ತಕದ ಅರ್ಧದಲ್ಲಿದ್ದರು.

ಹೀಗಾಗಿ ರಾಜ್ಯ ಪಠ್ಯಕ್ರಮದ ಸಾಲಿಯಲ್ಲಿ ಉಳಿಯುವ ಜಾಗ ಎರಡು: ಪ್ರಾರ್ಥನೆಗೆ ಮುಂಚಿನ ಹೊತ್ತು ಮತ್ತು ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲಿನ ಹೊತ್ತು. ಪೇಟೆಯ ಸಾಲಿಯಲ್ಲಿ ಎರಡೂ ನಡೆಯುತ್ತವೆ. ಅಥಣಿ, ರಾಯಬಾಗ, ಬಸವನ ಬಾಗೇವಾಡಿ ಕಡೆ ಹಳ್ಳಿಯಿಂದ ಬರುವ ಹುಡುಗರಿಗೆ ಬಸ್ಸೇ ಗಡಿಯಾರ. ಮಧ್ಯಾಹ್ನದ ಬಸ್ ತಪ್ಪಿದರೆ ಮುಂದಿನದು ಸಂಜೆಗೆ ಅಂತಿದ್ದರೆ ಹೆಣ್ಣುಮಕ್ಕಳು ಮೊದಲ ತಿಂಗಳಲ್ಲೇ ಕ್ಲಾಸ್ ಬಿಡುತ್ತಾರೆ. ಅನುಮತಿ ಕೇಳುವ ಮುಂಚೆ ಬಸ್ಸಿನ ವೇಳೆ ಕೇಳಿಕೊಳ್ಳಿ. ಅನುಮತಿಯನ್ನು ಸರ್ಕಾರಿ ಸಾಲಿಯಾದರೆ ಹೆಡ್‌ಮಾಸ್ತರರು, ಎಸ್‌ಡಿಎಂಸಿ (ಸಾಲಿಯ ಅಭಿವೃದ್ಧಿ ಸಮಿತಿ) ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ ಮೂವರಿಂದಲೂ ಬರಹದಲ್ಲಿ ಪಡೆಯಿರಿ. ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಅರ್ಜಿ ತಪ್ಪು ಕಚೇರಿಗೆ ಹೋದರೆ ಒಂದು ತಿಂಗಳು ಹಾಗೇ ಹೋಗುತ್ತದೆ.

ಇನ್ನು ಪಾಠದ ಮಾತು. ಕಲಿಸುವವರು ಸಾಮಾನ್ಯವಾಗಿ ಮಾಡುವ ದೊಡ್ಡ ತಪ್ಪೆಂದರೆ ಇಂಗ್ಲಿಷ್ ಮೂಲಕ ಜರ್ಮನ್ ಕಲಿಸುವುದು. ‘ಅವನು ನಾಳೆ ಬರುತ್ತಾನೆ ಅಂತ ನನಗೆ ಗೊತ್ತು’ ಎನ್ನುವಲ್ಲಿ ‘ಅವನು ನಾಳೆ ಬರುತ್ತಾನೆ’ ಎಂಬ ತುಂಡು ಜರ್ಮನ್‌ನಲ್ಲೂ ಅದೇ ಸಾಲಿನಲ್ಲಿ ನಿಲ್ಲುತ್ತದೆ: ಎರ್ ಮೋರ್ಗೆನ್ ಕೊಮ್ಟ್. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಕನ್ನಡದ ಹುಡುಗನಿಗೆ ಹುಟ್ಟಿನಿಂದ ಗೊತ್ತು. ಇಂಗ್ಲಿಷ್ ಸುತ್ತಿ ಬಂದವನು ‘ಬರುತ್ತಾನೆ ನಾಳೆ’ ಎಂದು ತಿರುವಿ ಅಂಕ ಕಳೆದುಕೊಳ್ಳುತ್ತಾನೆ. ಸಂಖ್ಯೆಯಲ್ಲಂತೂ ಬೆಳಗಾವಿಯ ಮಕ್ಕಳಿಗೆ ಒಂದು ಕೈ ಮೇಲೆ. ಜರ್ಮನ್‌ನಲ್ಲಿ 21 ಎಂದರೆ ‘ಒಂದು ಮತ್ತು ಇಪ್ಪತ್ತು’. ಕನ್ನಡದ ಇಪ್ಪತ್ತೊಂದು ಇದಕ್ಕೆ ಉಲ್ಟಾ, ಮರಾಠಿಯ ಏಕವೀಸ ಇದರ ಜೋಡಿ. ಸಂತೆಯಲ್ಲಿ ಮರಾಠಿ ದರ ಕೇಳಿ ಬೆಳೆದ ಹುಡುಗನಿಗೆ ಏಕವೀಸ, ಬಾವೀಸ ನೆನಪಿಸಿದರೆ ಸಾಕು. ಲಿಂಗವೂ ಹಾಗೇ. ಜರ್ಮನ್‌ನಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ನಪುಂಸಕ. ಕನ್ನಡವಷ್ಟೇ ಬಲ್ಲವರಿಗೆ ಇದು ತಲೆನೋವು, ಮರಾಠಿಯ ತೋ-ತೀ-ತೇ ಬಲ್ಲವರಿಗೆ ಹೊಸದಲ್ಲ. ಯಾವ ಪದಕ್ಕೆ ಯಾವ ಲಿಂಗ ಎನ್ನುವುದನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಮರಾಠಿಯೂ ಆಸರೆಯಾಗದು. ‘ಹುಡುಗಿ’ ಎಂಬ ಜರ್ಮನ್ ಪದ ನಪುಂಸಕ ಅಂದಾಗ ಕ್ಲಾಸು ನಗುತ್ತದೆ; ನಮ್ಮಲ್ಲೂ ‘ಕೂಸು ಅಳ್ತು’ ಅನ್ನುತ್ತೇವಲ್ಲ ಎಂದರೆ ಸುಮ್ಮನಾಗುತ್ತದೆ.

ಉಚ್ಚಾರಕ್ಕೆ ಒಂದೇ ಉಪಾಯ: ‘ಈ’ ಅನ್ನುತ್ತ ನಾಲಿಗೆ ಅಲ್ಲಾಡಿಸದೆ ತುಟಿಯನ್ನಷ್ಟೇ ‘ಊ’ದ ಹಾಗೆ ಮುಂದೆ ತಂದರೆ ಎರಡು ಚುಕ್ಕೆಯ ಯು ಸಿಗುತ್ತದೆ. ‘ಏ’ ನಾಲಿಗೆ, ‘ಓ’ ತುಟಿ ಆದರೆ ಎರಡು ಚುಕ್ಕೆಯ ಓ. ಫ್ರೆಂಚ್‌ನಲ್ಲಿ ಟ, ಡ ಬೇಡ, ತ, ದ ಹಾಕಿ. ನಾಲಿಗೆ ಹಲ್ಲಿಗೆ ತಾಗಬೇಕು. ಕನ್ನಡ ಅಕ್ಷರದಲ್ಲಿ ಬರೆದು ಕಲಿಸುವುದು ಮೊದಲ ವಾರಕ್ಕೆ ಸಾಕು. ಆಮೇಲೂ ಮುಂದುವರಿಸಿದರೆ ಹುಡುಗರು ಆ ಬರಹವನ್ನೇ ಓದುತ್ತಾರೆ, ಭಾಷೆ ಕಿವಿಗೆ ಬೀಳುವುದಿಲ್ಲ.

ನಮ್ಮ ಮಕ್ಕಳಿಗೆ ವಾಕ್ಯರಚನೆಯಲ್ಲಿ ತುಂಬ ಹತ್ತಿರದ ಪರದೇಶದ ಭಾಷೆ ಜಪಾನಿ ಎಂದು ಜರ್ಮನಿಯಲ್ಲಿ ಕೂತು ಬರೆಯುವುದು ತುಸು ವಿಚಿತ್ರವೇ, ಆದರೂ ನಿಜ. ಕ್ರಿಯಾಪದ ಕೊನೆಗೆ, ಪ್ರತ್ಯಯ ಹೆಸರಿನ ಬೆನ್ನಿಗೆ, ನಾಮಪದಕ್ಕೆ ಲಿಂಗವೇ ಇಲ್ಲ. ‘ತಬೆತೆ ಮಿರು’ ಅಂದರೆ ಅಕ್ಷರಶಃ ‘ತಿಂದು ನೋಡು’. ಕಷ್ಟವೆಲ್ಲ ಲಿಪಿಯಲ್ಲಿದೆ. ಅದರ ಮೊದಲ ಮೆಟ್ಟಿಲಾದ ಎನ್5 ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲದ್ದರಿಂದ ಪಾಸಾದವರೆಲ್ಲ ಮಾತಾಡಬಲ್ಲರು ಎಂದು ತಿಳಿಯಬೇಡಿ.

ಇಲ್ಲಿಂದ ಆನ್‌ಲೈನ್ ಪಾಠ ಹೇಳಲು ಮುಂದೆ ಬರುವವರಿಗೆ ಒಂದು ಎಚ್ಚರಿಕೆ. ಊರಿನ ಶನಿವಾರ ಮಧ್ಯಾಹ್ನ 12 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ 8:30, ಚಳಿಗಾಲದಲ್ಲಿ 7:30. ಅಕ್ಟೋಬರ್ ಕೊನೆಯ ಭಾನುವಾರ ನಮ್ಮ ಗಡಿಯಾರ ಹಿಂದೆ ಹೋಗುತ್ತದೆ, ಸಾಲಿಯದು ಹೋಗುವುದಿಲ್ಲ. ಮರು ಶನಿವಾರ ಹಳೆಯ ಲೆಕ್ಕದಲ್ಲಿ 8:30ಕ್ಕೆ ಕ್ಯಾಮೆರಾ ಹಚ್ಚಿದರೆ ಊರಲ್ಲಿ ಒಂದು ಗಂಟೆಯಾಗಿ ಮಕ್ಕಳು ಬಸ್ ಹತ್ತಿರುತ್ತಾರೆ. ಎರಡನೆಯದು, ಕೋಣೆಯಲ್ಲಿ ಆ ಸಾಲಿಯದೇ ಒಬ್ಬ ಶಿಕ್ಷಕರು ಕೂತಿರಲೇಬೇಕು, ಮಕ್ಕಳ ಸುರಕ್ಷತೆಗೂ ಪಾಠಕ್ಕೂ. ಸಾಧ್ಯವಾದರೆ ಆ ಶಿಕ್ಷಕರನ್ನೇ ಮೊದಲ ವರ್ಷ ಎರಡನೆಯ ಮೆಟ್ಟಿಲಾದ ಎ2 ತನಕ ಓದಿಸಿ. ಪಟ್ಟಣದಿಂದ ತಾಸಿನ ಲೆಕ್ಕದಲ್ಲಿ ಬರುವ ಮಾಸ್ತರು ಜನವರಿಯಲ್ಲಿ ಪುಣೆಯ ನೌಕರಿ ಹಿಡಿದು ಹೋದರೆ ಕ್ಲಾಸ್ ಅಲ್ಲಿಗೇ ನಿಲ್ಲುತ್ತದೆ. ಊರಲ್ಲೇ ಇರುವ ಸಾಲಿಯ ಬಾಯಿ (ಶಿಕ್ಷಕಿ) ಹೋಗುವುದಿಲ್ಲ. ಒಂದು ಗುಂಪಿಗೆ 25 ಮಕ್ಕಳಿಗಿಂತ ಹೆಚ್ಚು ಬೇಡ. ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆದೀತು, ಒಳ್ಳೆಯ ಸ್ಪೀಕರ್ ಇರಲೇಬೇಕು. ಹಿಂದಿನ ಬೆಂಚಿಗೆ ಕೇಳದಿದ್ದರೆ ಉಚ್ಚಾರ ಹಾಳು.

ರೊಕ್ಕದ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಎನಿಸುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡವರದು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯೇ. 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿಯಾಗಿರುವ ಅಥವಾ ಮುಂಗಡ ಅನುಮತಿ ಪಡೆದಿರುವ ಸಂಸ್ಥೆ ಮಾತ್ರ ಅದನ್ನು ತೆಗೆದುಕೊಳ್ಳಬಹುದು. ಸಂಘದ ಖಾತೆಯಿಂದ ಹೋದರೂ ಇದೇ ನಿಯಮ. ‘ನಮ್ಮ ಮಾವನ ಟ್ರಸ್ಟ್ ಐತಿ, ಅದಕ್ಕ ಹಾಕೋಣ’ ಎನ್ನುವವರು ನೋಂದಣಿ ಸಂಖ್ಯೆ ಕೇಳಿದ ಮೇಲೆ ಹಾಕಲಿ.

ಪಾಲಕರಿಗೆ ಹೇಳುವಾಗ ನೌಕರಿಯ ಮಾತು ಆಡಬೇಡಿ. ಇಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಾದ ಬಿ2 ಬೇಕು. ಅದಕ್ಕೂ ಕೆಳಗಿನ ಬಿ1ಕ್ಕೇ 350ರಿಂದ 650 ಪಾಠ ಬೇಕಾಗಿರುವಾಗ ‘ಆರು ತಿಂಗಳಲ್ಲಿ ಬಿ2’ ಎಂಬ ಬೋರ್ಡುಗಳ ಬೆಲೆ ಎಷ್ಟೆಂದು ನೀವೇ ಎಣಿಸಿ.

ಪರೀಕ್ಷೆಗೆ ಬೆಂಗಳೂರಿಗಿಂತ ಪುಣೆ ಹತ್ತಿರ, ಬೆಳಗಾವಿಯಿಂದ ಸುಮಾರು 340 ಕಿಲೋಮೀಟರ್. ಜರ್ಮನ್ ಎ1ದಲ್ಲಿ ಮಕ್ಕಳಿಗೆಂದೇ ‘ಫಿಟ್ ಇನ್ ಡೋಯ್ಚ್ 1’ ಇದೆ, ದೊಡ್ಡವರ ಪರೀಕ್ಷೆಗೆ ಹೆಸರು ಹಚ್ಚಬೇಡಿ. ಫ್ರೆಂಚ್‌ನ ಡೆಲ್ಫ್ ಪರೀಕ್ಷೆಯಲ್ಲಿ ನಾಲ್ಕು ಭಾಗ, ತಲಾ 25 ಅಂಕ. ಒಟ್ಟು 50 ಬಂದರೂ ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ನಪಾಸು, ಮತ್ತು ನಮ್ಮ ಹುಡುಗರು ಸಿಕ್ಕಿಬೀಳುವುದು ಕೇಳುವ ಭಾಗದಲ್ಲಿ. ಅರ್ಜಿ ತುಂಬುವಾಗ ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಹುಡುಗನ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಒಂದು ಕ್ರಮ, ಸಾಲಿ ದಾಖಲೆಯಲ್ಲಿ ಇನ್ನೊಂದು. ಮುಂದೆ ಪಾಸ್‌ಪೋರ್ಟಿನಲ್ಲಿ ಬರಬೇಕಾದ ಕ್ರಮದಲ್ಲೇ ಪ್ರಮಾಣಪತ್ರಕ್ಕೂ ಬರೆಸಿ.