ಫೆಲೋಶಿಪ್ ಇಲ್ಲದ ದಾರಿ ಹಿಂಬಾಗಿಲಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಫೆಲೋಶಿಪ್ (ತಜ್ಞರಾದ ಮೇಲೆ ಉಪವಿಭಾಗವೊಂದರಲ್ಲಿ ಪಡೆಯುವ ತರಬೇತಿ) ಮಾಡದೆಯೂ ಅಡಿಕ್ಷನ್ ಮೆಡಿಸಿನ್, ಅಂದರೆ ವ್ಯಸನ ಚಿಕಿತ್ಸೆಯಲ್ಲಿ, ಬೋರ್ಡ್ ಸರ್ಟಿಫಿಕೇಟ್ (ತಜ್ಞರ ಮಂಡಳಿ ಪರೀಕ್ಷೆ ನಡೆಸಿ ಕೊಡುವ ಅರ್ಹತಾಪತ್ರ) ಪಡೆಯಲು ಅವಕಾಶವಿತ್ತು ಎಂಬ ಸಂಗತಿ ನಮ್ಮ ಕಿರಿಯ ವೈದ್ಯರಿಗೆ ಅರ್ಧಂಬರ್ಧವಾಗಿ ಮಾತ್ರ ತಲುಪಿದೆ. ಅದನ್ನು ಹಿಂಬಾಗಿಲೆಂದು ಹೀಗಳೆಯುವವರೂ ಇದ್ದಾರೆ, ಸುಲಭದ ದಾರಿಯೆಂದು ಆಸೆಪಡುವವರೂ ಇದ್ದಾರೆ. ಆ ದೇಶದಲ್ಲಿ ವೃತ್ತಿನಿರತನಾಗಿರುವ ಕನ್ನಡಿಗನಾಗಿ, ಈ ಎರಡು ಅಭಿಪ್ರಾಯಗಳೂ ತಪ್ಪೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ವ್ಯಸನ ಚಿಕಿತ್ಸೆಗೆ ಅಲ್ಲಿ ಅಧಿಕೃತ ಉಪವಿಭಾಗದ ಮಾನ್ಯತೆ ದೊರೆತು ಹೆಚ್ಚು ಕಾಲವಾಗಿಲ್ಲ. ಅದಕ್ಕೂ ಮೊದಲೇ, 1990ರ ದಶಕದಿಂದ, ಅಡಿಕ್ಷನ್ ಸೈಕಿಯಾಟ್ರಿ ಎಂಬ ಉಪವಿಭಾಗವಿತ್ತಾದರೂ ಅದು ಮನೋವೈದ್ಯರಿಗಷ್ಟೇ ಮೀಸಲಾಗಿತ್ತು. ಕುಡಿತದಿಂದ ಯಕೃತ್ತು ಕೆಟ್ಟವರನ್ನೂ ಹೆರಾಯಿನ್ ಚುಚ್ಚಿಕೊಂಡು ಹೃದಯದ ಕವಾಟಕ್ಕೆ ಸೋಂಕು ತಗುಲಿಸಿಕೊಂಡವರನ್ನೂ ನಿತ್ಯ ನೋಡುತ್ತಿದ್ದ ಫಿಜಿಷಿಯನ್ನರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಅಮೆರಿಕನ್ ಬೋರ್ಡ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಈ ಹೊಣೆ ಹೊತ್ತು 2017ರಲ್ಲಿ ಮೊದಲ ಪರೀಕ್ಷೆ ನಡೆಸಿದಾಗ, ಮನೋವೈದ್ಯಕೀಯವೂ ಸೇರಿದಂತೆ ಯಾವುದೇ ಮಾನ್ಯ ವಿಭಾಗದ ಬೋರ್ಡ್ ಸರ್ಟಿಫಿಕೇಟ್ ಇದ್ದವರು ಅರ್ಜಿ ಹಾಕುವಂತಾಯಿತು. ಮಾನ್ಯತೆ ಪಡೆದ ಫೆಲೋಶಿಪ್‌ಗಳು ಆಗಿನ್ನೂ ರೂಪುಗೊಳ್ಳಬೇಕಿದ್ದುದರಿಂದ, ಕೆಲಸದ ಅನುಭವವನ್ನೇ ಅರ್ಹತೆಯಾಗಿ ಪರಿಗಣಿಸುವ ತಾತ್ಕಾಲಿಕ ದಾರಿಯನ್ನು ತೆರೆಯಲಾಯಿತು.

ಆ ದಾರಿಯ ಷರತ್ತುಗಳೇನೂ ಸಡಿಲವಾಗಿರಲಿಲ್ಲ. ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 24 ತಿಂಗಳುಗಳ ಅವಧಿಯಲ್ಲಿ ಒಟ್ಟು 1,920 ಗಂಟೆಗಳ ವ್ಯಸನ ಸಂಬಂಧಿ ಕೆಲಸವನ್ನು ದಾಖಲೆಸಮೇತ ತೋರಿಸಬೇಕಿತ್ತು. ಅದರಲ್ಲಿ ಕಾಲು ಭಾಗವಾದರೂ ನೇರವಾಗಿ ರೋಗಿಗಳ ಆರೈಕೆಯಾಗಿರಬೇಕಿತ್ತು; ಉಳಿದದ್ದು ಬೋಧನೆ, ಸಂಶೋಧನೆ ಅಥವಾ ಆಡಳಿತವಾದರೂ ನಡೆಯುತ್ತಿತ್ತು. ಕೊನೆಯಲ್ಲಿ ಫೆಲೋಶಿಪ್ ಮುಗಿಸಿದವರು ಬರೆಯುವ ಪರೀಕ್ಷೆಯನ್ನೇ ಇವರೂ ಬರೆದು ತೇರ್ಗಡೆಯಾಗಬೇಕಿತ್ತು. ಎಂಬಿಬಿಎಸ್ ಮುಗಿಸಿ ವಿಮಾನ ಹತ್ತುವವರಿಗೆ ಇದು ಅಡ್ಡದಾರಿಯಾಗಲು ಸಾಧ್ಯವೇ ಇರಲಿಲ್ಲ. ಅಲ್ಲಿ ರೆಸಿಡೆನ್ಸಿ, ಅಂದರೆ ಸ್ನಾತಕೋತ್ತರ ತರಬೇತಿ, ಮುಗಿಸಿ ಮೊದಲ ಬೋರ್ಡ್ ಪರೀಕ್ಷೆ ಗೆದ್ದವರ ಮಾತಷ್ಟೇ ಇದು.

2021ಕ್ಕೆ ಮುಗಿಯಬೇಕಿದ್ದ ಈ ಅವಕಾಶವನ್ನು 2025ರವರೆಗೆ ವಿಸ್ತರಿಸಲಾಯಿತು. ಆ ಬಳಿಕ ಒಂದು ವರ್ಷದ ಫೆಲೋಶಿಪ್ಪೇ ದಾರಿ ಎಂಬುದು ಮೂಲ ಯೋಜನೆ. ಹೊಸ ಉಪವಿಭಾಗಗಳು ಬೆಳೆಯುವ ಕ್ರಮವೇ ಇದು ಎಂದು ಸಮರ್ಥಿಸುವವರು ಎಮರ್ಜೆನ್ಸಿ ಮೆಡಿಸಿನ್‌ನ ನಿದರ್ಶನ ಕೊಡುತ್ತಾರೆ. 1988ರಲ್ಲಿ ಅಲ್ಲಿಯೂ ಅನುಭವದ ದಾರಿ ಮುಚ್ಚಿತು. ಅದನ್ನು ಪ್ರಶ್ನಿಸಿ ಕೆಲವು ವೈದ್ಯರು ಹೂಡಿದ ದಾವೆ ನ್ಯಾಯಾಲಯಗಳಲ್ಲಿ ಹದಿನೈದು ವರ್ಷ ಎಳೆದಾಡಿ, ಅವರಿಗೆ ಫಲ ಸಿಗದೆ ಮುಗಿಯಿತು. ಕಾನೂನಿನ ದೃಷ್ಟಿಯಿಂದ ಇಂಥ ದಾರಿಯನ್ನು ಮುಚ್ಚುವ ಅಧಿಕಾರ ಬೋರ್ಡ್‌ಗೆ ಇದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ 2021ರಿಂದ 2023ರವರೆಗೆ ಪ್ರತಿವರ್ಷ ಲಕ್ಷಕ್ಕೂ ಹೆಚ್ಚು ಜನ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತ ದೇಶದಲ್ಲಿ, ಬಾಗಿಲು ಮುಚ್ಚುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸುವುದು ವಿವೇಕವೇ ಎಂಬುದು ನನ್ನ ಪ್ರಶ್ನೆ.

ನಲವತ್ತೈದು ದಾಟಿದ ಫ್ಯಾಮಿಲಿ ಫಿಜಿಷಿಯನ್ ಒಬ್ಬರು ಊರಿನ ಕ್ಲಿನಿಕ್ಕಿಗೆ ಬೀಗ ಹಾಕಿ, ದೂರದ ಬೋಧನಾ ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿ ವೇತನಕ್ಕೆ ದುಡಿಯಬೇಕೆಂದರೆ, ಅಷ್ಟು ದಿನ ಅವರ ರೋಗಿಗಳನ್ನು ನೋಡುವವರಾರು? ವಲಸೆ ಬಂದ ವೈದ್ಯರ ಇಕ್ಕಟ್ಟು ಇನ್ನೂ ಬಿಗಿ. ತರಬೇತಿಗೆ ಬರುವವರಿಗೆ ಕೊಡುವ ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮಾಡಿದ ಭಾರತೀಯರಲ್ಲಿ ಅನೇಕರು, ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಪಡೆಯಲು ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಮೂರು ವರ್ಷ ಪೂರ್ಣಾವಧಿ ದುಡಿಯುತ್ತಾರೆ. ವ್ಯಸನದ ರೋಗಿಗಳಿದ್ದೂ ತಜ್ಞರಿಲ್ಲದ ಊರುಗಳು ಇಂಥ ಪ್ರದೇಶಗಳಲ್ಲೇ ಹೆಚ್ಚು. ನಡುವೆ ಫೆಲೋಶಿಪ್‌ಗೆಂದು ಹೊರಟರೆ ವಿನಾಯಿತಿಗೇ ಕುತ್ತು. ಅವಧಿ ಮುಗಿದ ಮೇಲೂ ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಕಾಯುತ್ತ ಒಬ್ಬ ಉದ್ಯೋಗದಾತನಿಗೆ ಕಟ್ಟುಬಿದ್ದಿರುತ್ತಾರೆ. ಮಾಡುತ್ತಿದ್ದ ಕೆಲಸಕ್ಕೇ ಮಾನ್ಯತೆ ಕೊಡುತ್ತಿದ್ದ ದಾರಿ ಇವರಿಗೆ ನಿಜಕ್ಕೂ ಹೊಂದುತ್ತಿತ್ತು.

ಸರ್ಟಿಫಿಕೇಟ್ ಇಲ್ಲದೆಯೂ ಚಿಕಿತ್ಸೆ ಕೊಡಬಹುದಲ್ಲ ಎಂಬ ಮಾತೂ ಇದೆ. ನಿಜ, ಹೆರಾಯಿನ್‌ನಂಥ ಮಾದಕಗಳ ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಔಷಧಿಯನ್ನು ಬರೆದುಕೊಡಲು ಬೇಕಿದ್ದ ಪ್ರತ್ಯೇಕ ಪರವಾನಗಿಯನ್ನು 2022ರ ಕೊನೆಯಲ್ಲಿ ರದ್ದುಪಡಿಸಿದ್ದು ಒಳ್ಳೆಯದೇ ಆಯಿತು. ಆದರೂ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಯ ತಂಡ ಕಟ್ಟಲು, ಫೆಲೋಗಳಿಗೆ ಕಲಿಸಲು ಹೊರಟವರ ಮಾತಿಗೆ ಬೆಲೆ ಬರುವುದು ಆ ಕಾಗದದಿಂದಲೇ. ಹಿರಿಯರ ಕಣ್ಣೆದುರು ಒಂದು ವರ್ಷ ಕಲಿಯುವುದು ಪರೀಕ್ಷೆಯಿಂದ ಸಿಗದು ಎಂಬ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಅದಕ್ಕೆ ಪರಿಹಾರ ಅನುಭವದ ದಾರಿಗೆ ಮೇಲ್ವಿಚಾರಣೆಯ ಷರತ್ತು ಸೇರಿಸುವುದು, ಇಲ್ಲವೇ ಕೆಲಸದ ಜೊತೆಗೇ ಎರಡು ಮೂರು ವರ್ಷಗಳಲ್ಲಿ ಮುಗಿಸಬಹುದಾದ ಫೆಲೋಶಿಪ್‌ಗಳನ್ನು ವ್ಯಾಪಕವಾಗಿ ಒದಗಿಸುವುದು.

ಈ ಚರ್ಚೆ ಕರ್ನಾಟಕಕ್ಕೂ ಸಲ್ಲುತ್ತದೆ. ನಿಮ್ಹಾನ್ಸ್‌ನಲ್ಲಿ ಅಡಿಕ್ಷನ್ ಸೈಕಿಯಾಟ್ರಿಯ ಡಿಎಂ (ಎಂಡಿ ನಂತರದ ಉನ್ನತ ಪದವಿ) ಇದೆ, ಆದರೆ ಅದು ಮನೋವೈದ್ಯರಿಗೆ. ಕುಡಿತ ಥಟ್ಟನೆ ನಿಲ್ಲಿಸಿ ಫಿಟ್ಸ್ ಬಂದವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ನೋಡುವವರು ಎಂಬಿಬಿಎಸ್ ವೈದ್ಯರು ಅಥವಾ ಫಿಜಿಷಿಯನ್ನರು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದ ಮದ್ಯಾವಲಂಬಿಗಳಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38 ಜನರಲ್ಲಿ ಒಬ್ಬರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯಬಹುದೆಂದು ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ತೋರಿಸಿಕೊಟ್ಟಿದೆ. ಸೇವೆಯಲ್ಲಿದ್ದುಕೊಂಡೇ ಗಂಟೆಗಳ ಲೆಕ್ಕ, ಮೇಲ್ವಿಚಾರಣೆ ಮತ್ತು ಕಟ್ಟುನಿಟ್ಟಿನ ಪರೀಕ್ಷೆಯ ಮೂಲಕ ವ್ಯಸನ ಚಿಕಿತ್ಸೆಯಲ್ಲಿ ಅರ್ಹತಾಪತ್ರ ಪಡೆಯುವ ವ್ಯವಸ್ಥೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ರೂಪಿಸಬೇಕು, ಮತ್ತು ಆ ಪತ್ರಕ್ಕೆ ಬಡ್ತಿ, ನಿಯೋಜನೆಗಳಲ್ಲಿ ಬೆಲೆ ಸಿಗುವಂತೆ ನೋಡಿಕೊಳ್ಳಬೇಕು ಎಂದು ಕೋರುತ್ತೇನೆ.

ಇತಿ,
ಒಬ್ಬ ಕನ್ನಡಿಗ ವೈದ್ಯ
ಒಹಾಯೊ, ಅಮೆರಿಕ