ಕವಲು ಕಥೆ ಕಲಿಸುವವರು ಮೊದಲು ‘ತಿಟ್ಟು’ ತಿಳಿಸಲಿ

ಮಾನ್ಯ ಸಂಪಾದಕರೇ,

ಓದುಗನೇ ದಾರಿ ಆರಿಸಿಕೊಂಡು ಸಾಗುವ ಕವಲು ಕಥೆಗಳನ್ನು ಟ್ವೈನ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆಯಲು ಕಲಿಸುವ ಶಿಬಿರವೊಂದು ಈ ಬೇಸಿಗೆ ರಜೆಯಲ್ಲಿ ಮಂಗಳೂರಿನಲ್ಲಿ ನಡೆಯಿತು. ಅದಕ್ಕೆ ನನ್ನ ಮೊಮ್ಮಗಳೂ ಹೋಗಿದ್ದಳು. 2009ರಲ್ಲಿ ಬಳಕೆಗೆ ಬಂದ ಈ ತಂತ್ರಾಂಶದಲ್ಲಿ ಪ್ರೋಗ್ರಾಮಿಂಗ್ ಬಾರದವರೂ ಕಥೆ ಹೆಣೆಯಬಹುದಾದ್ದರಿಂದ ಶಿಬಿರದ ಆಶಯ ಮೆಚ್ಚತಕ್ಕದ್ದೇ. ಆದರೆ ಅಲ್ಲಿ ಆದ ಒಂದು ಎಡವಟ್ಟನ್ನು ಹೇಳಲೇಬೇಕಾಗಿದೆ.

ಅವಳ ಕಥೆಯಲ್ಲಿ ಅಜ್ಜಿ ಹುಡುಗಿಯೊಬ್ಬಳನ್ನು ಮೀನು ತರಲು ಮಲ್ಪೆ ಬಂದರಿಗೆ ಕಳುಹಿಸುತ್ತಾಳೆ. ಕೈಯಲ್ಲಿ 150 ರೂಪಾಯಿ ಇದ್ದರೆ ಬಂಗುಡೆ, ಇಲ್ಲದಿದ್ದರೆ ಬೂತಾಯಿ. ಹೀಗೆ ಹಣದ ಲೆಕ್ಕವಿಟ್ಟು, ಅದಕ್ಕೆ ತಕ್ಕ ಸಾಲನ್ನು ಮಾತ್ರ ತೋರಿಸುವಂತೆ ತಂತ್ರಾಂಶಕ್ಕೆ ಕೊಡುವ ಪುಟ್ಟ ಆಜ್ಞೆಯೇ ಮ್ಯಾಕ್ರೊ. ಶಿಬಿರದಲ್ಲಿ ಹಂಚಿದ ಟಿಪ್ಪಣಿಯಲ್ಲಿದ್ದಂತೆಯೇ ಅವಳು ಅವರದೇ ಮಾದರಿ ಕಡತದಲ್ಲಿ ಬರೆದಿದ್ದಳು. ಕಥೆ ತೆರೆದರೆ ಬಂಗುಡೆಯೂ ಬೂತಾಯಿಯೂ ಒಟ್ಟಿಗೇ ಬಂದು, ಜತೆಗೆ ಆವರಣ ಚಿಹ್ನೆಗಳೂ ಆಜ್ಞೆಯ ಅಕ್ಷರಗಳೂ ಪರದೆಯ ಮೇಲೆ ಇದ್ದ ಹಾಗೇ ಕಾಣಿಸಿಕೊಂಡವು. ಎರಡು ದಿನ ತಲೆ ಕೆಡಿಸಿಕೊಂಡ ಹುಡುಗಿ ತಪ್ಪು ತನ್ನದೇ ಎಂದುಕೊಂಡಿದ್ದಳು.

ತಪ್ಪು ಅವಳದ್ದಾಗಿರಲಿಲ್ಲ. ಟ್ವೈನ್‌ನಲ್ಲಿ ಹಾರ್ಲೋ, ಶುಗರ್‌ಕ್ಯೂಬ್, ಚಾಪ್‌ಬುಕ್, ಸ್ನೋಮ್ಯಾನ್ ಎಂಬ ಬೇರೆ ಬೇರೆ ಸ್ಟೋರಿ ಫಾರ್ಮ್ಯಾಟ್‌ಗಳಿವೆ. ಕಥೆಯನ್ನು ಓಡಿಸುವ ಈ ಚೌಕಟ್ಟುಗಳಲ್ಲಿ ಒಂದೊಂದಕ್ಕೂ ಆಜ್ಞೆ ಬರೆಯುವ ರೀತಿ ಬೇರೆ. ಯಕ್ಷಗಾನದಲ್ಲಿ ಪ್ರಸಂಗ ಒಂದೇ ಆದರೂ ತೆಂಕುತಿಟ್ಟಿನ ಕುಣಿತ, ವೇಷಗಳು ಬಡಗಿನಲ್ಲಿ ನಡೆಯುವುದಿಲ್ಲವಲ್ಲ, ಇದೂ ಹಾಗೆಯೇ. ಹಾರ್ಲೋದಲ್ಲಿ ಮ್ಯಾಕ್ರೊವನ್ನು ದುಂಡು ಆವರಣದೊಳಗೆ ಬರೆದು, ತೋರಿಸಬೇಕಾದ ಸಾಲನ್ನು ಚೌಕ ಆವರಣದಲ್ಲಿ ಇಡಬೇಕು. ಶುಗರ್‌ಕ್ಯೂಬ್‌ನಲ್ಲಾದರೋ ಜೋಡಿ ಕೋನ ಆವರಣ ಬೇಕು, ‘ಇಫ್’ ಎಂದು ತೆರೆದದ್ದನ್ನು ಕೊನೆಯಲ್ಲಿ ಮುಚ್ಚಲೂ ಬೇಕು. ಶಿಬಿರದವರು ಕೊಟ್ಟ ಮಾದರಿ ಕಡತ ಶುಗರ್‌ಕ್ಯೂಬ್‌ನದು, ಹಂಚಿದ ಟಿಪ್ಪಣಿ ಹಾರ್ಲೋದ್ದು!

ಸೆಟ್ಟಿಂಗ್ಸ್ ವಿಷಯದಲ್ಲೂ ಇಂಥದೇ ಗೊಂದಲ. ಒತ್ತಕ್ಷರಗಳು ಸಣ್ಣ ಪರದೆಯಲ್ಲಿ ನನ್ನಂಥ ವಯಸ್ಸಾದವರ ಕಣ್ಣಿಗೆ ಹಿಡಿಯುವುದಿಲ್ಲವೆಂದು, ಅಕ್ಷರದ ಗಾತ್ರ ಹಿಗ್ಗಿಸುವ ಆಯ್ಕೆಯನ್ನು ಮೊಮ್ಮಗಳು ಕಥೆಯೊಳಗೇ ಇಟ್ಟಿದ್ದಳು. ಹಣದ ಲೆಕ್ಕದಂತೆ ಅದನ್ನೂ, ಕಥೆ ಸಾಗುವಾಗ ಬದಲಾಗುವ ಮೌಲ್ಯವನ್ನು ನೆನಪಿಡುವ ವೇರಿಯಬಲ್‌ನಲ್ಲಿಡಲು ಹೇಳಿಕೊಟ್ಟಿದ್ದರಿಂದ, ಕಥೆಯನ್ನು ಮೊದಲಿನಿಂದ ಶುರು ಮಾಡಿದಾಗಲೆಲ್ಲ ಅಕ್ಷರಗಳು ಮತ್ತೆ ಸಣ್ಣದಾಗುತ್ತಿದ್ದವು. ಶುಗರ್‌ಕ್ಯೂಬ್‌ನಲ್ಲಿ ಇಂಥ ಆಯ್ಕೆಗಳಿಗೆಂದೇ ಪ್ರತ್ಯೇಕ ಸೆಟ್ಟಿಂಗ್ ವ್ಯವಸ್ಥೆ ಇದ್ದು, ಅದನ್ನು ಕಥೆಯ ಜಾವಾಸ್ಕ್ರಿಪ್ಟ್ ಭಾಗದಲ್ಲಿ ಬರೆದರೆ ಪಕ್ಕದ ಪಟ್ಟಿಯಲ್ಲಿ ಗುಂಡಿ ತಾನಾಗಿ ಮೂಡುತ್ತದೆ. ಓದುಗ ಆರಿಸಿದ ಗಾತ್ರ ಬ್ರೌಸರ್‌ನಲ್ಲಿ ಬೇರೆಯಾಗಿ ಉಳಿಯುವುದರಿಂದ ಕಥೆ ಮತ್ತೆ ಆರಂಭವಾದರೂ ಅಳಿಯುವುದಿಲ್ಲ. ಆ ಗುಂಡಿಗಳ ಮೇಲಿನ ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ಬದಲಿಸಲೂ ಅವಕಾಶವಿದೆ. ಕನ್ನಡ ಕಥೆಯ ಶಿಬಿರದಲ್ಲಿ ಮೊದಲ ದಿನವೇ ಹೇಳಬೇಕಾಗಿದ್ದ ಈ ಮಾತನ್ನು ಯಾರೂ ಹೇಳಲಿಲ್ಲವೆಂಬುದು ಕನ್ನಡ ಅಧ್ಯಾಪಕನಾಗಿದ್ದ ನನಗೆ ತುಸು ಹೆಚ್ಚೇ ಬೇಸರ ತಂದಿತು.

ಕರಾವಳಿಯಲ್ಲಿ ಇಂಥ ಶಿಬಿರ ನಡೆಸುವವರು ಟಿಪ್ಪಣಿಯ ಮೊದಲ ಸಾಲಿನಲ್ಲೇ ಫಾರ್ಮ್ಯಾಟ್‌ನ ಹೆಸರನ್ನೂ ಅದರ ಆವೃತ್ತಿಯ ಸಂಖ್ಯೆಯನ್ನೂ ಅಚ್ಚು ಹಾಕಿಸಬೇಕು. ಮಾದರಿ ಕಡತವನ್ನು ಹಂಚುವ ಮುನ್ನ ಅದೇ ಟಿಪ್ಪಣಿಯನ್ನು ಹಿಡಿದು ತಾವೇ ಒಮ್ಮೆ ಓಡಿಸಿ ನೋಡಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ನಿವೃತ್ತ ಕನ್ನಡ ಅಧ್ಯಾಪಕ,
ಉದ್ಯಾವರ, ಉಡುಪಿ